ಶಾಲೆಯ ಸುದ್ದಿಪತ್ರದಲ್ಲಿ ಯೋಧರ ಸ್ಮರಣೆ: ಒಂದು ಸಂಚಿಕೆಯನ್ನು ಸಿದ್ಧಪಡಿಸುವ ಬಗೆ

ಪ್ರಾಥಮಿಕ ಶಾಲೆಯ ಸುದ್ದಿಪತ್ರದಲ್ಲಿ ಸಾಮಾನ್ಯವಾಗಿ ಇರುವುದು ರಜೆಯ ದಿನಗಳು, ಓಟದಲ್ಲಿ ಗೆದ್ದವರ ಹೆಸರುಗಳು, ಪೋಷಕರ ಸಭೆಯ ವೇಳೆ, ವಾರಸುದಾರರಿಲ್ಲದೆ ಕಚೇರಿಯಲ್ಲಿ ಬಿದ್ದಿರುವ ನೀರಿನ ಬಾಟಲಿಗಳ ವಿಷಯ. ವರ್ಷಕ್ಕೊಮ್ಮೆ ಇದೇ ಎರಡು ಹಾಳೆಗಳ ಪತ್ರಕ್ಕೆ ತೂಕದ ಕೆಲಸವೊಂದು ಬರುತ್ತದೆ. ಯುದ್ಧದಲ್ಲಿ ಸೇವೆ ಸಲ್ಲಿಸಿದವರನ್ನು ಶಾಲೆ ನೆನೆಯುವ ದಿನದ ಸುದ್ದಿಯನ್ನು ಆರು ವರ್ಷದ ಮಗುವಿಗೂ, ಆ ಮಗುವಿನ ತಂದೆತಾಯಿಗೂ, ಸ್ವತಃ ಯುದ್ಧವನ್ನು ಕಂಡು ಬಂದ ಮನೆಯ ಹಿರಿಯರಿಗೂ ಒಂದೇ ಪುಟದಲ್ಲಿ ಮುಟ್ಟಿಸಬೇಕಾಗುತ್ತದೆ. ಇಂಥ ಸಂಚಿಕೆಯನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಶಿಕ್ಷಕರಿಗೆ ಮತ್ತು ಪೋಷಕ ಸ್ವಯಂಸೇವಕರಿಗೆ ನೆರವಾಗಲೆಂದು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ನನ್ನ ಸಲಹೆಯ ಸಾರ ಇಷ್ಟು: ತ್ಯಾಗ, ಬಲಿದಾನ, ಶೌರ್ಯ ಎಂಬ ದೊಡ್ಡ ಪದಗಳಿಂದ ಹೊರಡದೆ, ಖಚಿತಪಡಿಸಿಕೊಂಡ ಒಂದು ಹೆಸರಿನಿಂದ ಹೊರಡಬೇಕು. ಮಿಕ್ಕ ಎಲ್ಲ ನಿರ್ಧಾರಗಳೂ ಆ ಹೆಸರನ್ನು ಅನುಸರಿಸಿ ಬರುತ್ತವೆ.

ಯಾವ ದಿನ, ಯಾರ ನೆನಪು

ಮೊದಲು ಇತ್ಯರ್ಥವಾಗಬೇಕಾದದ್ದು ದಿನ. ಒಂದೊಂದು ದೇಶ ಒಂದೊಂದು ದಿನವನ್ನು ಆರಿಸಿಕೊಂಡಿದೆ, ಮತ್ತು ಆ ದಿನಗಳ ಅರ್ಥ ಒಂದೇ ಅಲ್ಲ. 1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಒಂದನೆಯ ಮಹಾಯುದ್ಧದ ಪಶ್ಚಿಮ ರಣರಂಗದಲ್ಲಿ ಕದನವಿರಾಮ ಜಾರಿಗೆ ಬಂದದ್ದರಿಂದ ಬ್ರಿಟನ್, ಫ್ರಾನ್ಸ್, ಕೆನಡಾ ಮೊದಲಾದ ದೇಶಗಳಲ್ಲಿ ಆ ದಿನ ಸ್ಮರಣೆ ನಡೆಯುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳು 1915ರಲ್ಲಿ ತಮ್ಮ ಸೈನಿಕರು ಗಲಿಪೊಲಿಯ ದಡದಲ್ಲಿ ಇಳಿದ ಏಪ್ರಿಲ್ 25ನ್ನು ಹಿಡಿದಿವೆ. ನೆದರ್ಲೆಂಡ್ಸ್‌ನಲ್ಲಿ ಮೇ 4ರ ರಾತ್ರಿ ಎಂಟಕ್ಕೆ ಎರಡು ನಿಮಿಷ ಮೌನ ಆಚರಿಸುತ್ತಾರೆ. ಭಾರತದಲ್ಲಿ 1971ರ ಯುದ್ಧ ಮುಗಿದ ಡಿಸೆಂಬರ್ 16, 1999ರ ಕಾರ್ಗಿಲ್ ಕಾಳಗ ಮುಗಿದ ಜುಲೈ 26, ಮತ್ತು 1949ರಿಂದ ಆಚರಣೆಯಲ್ಲಿರುವ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ ಇವೆ. ಅಮೆರಿಕದಲ್ಲಿ ಭೇದ ಇನ್ನೂ ಸ್ಪಷ್ಟವಾಗಿದೆ: ಮೇ ತಿಂಗಳ ಕೊನೆಯ ಸೋಮವಾರ ಮಡಿದವರಿಗೆ ಮೀಸಲಾದರೆ, ನವೆಂಬರ್ 11 ಸೇವೆ ಸಲ್ಲಿಸಿದ ಎಲ್ಲರಿಗೂ ಸೇರಿದೆ.

ಈ ಕೊನೆಯ ಭೇದವನ್ನು ಸಂಪಾದಕರು ಆರಂಭದಲ್ಲೇ ಗಮನಿಸಬೇಕು. ಸಂಚಿಕೆ ಮಡಿದವರನ್ನು ಮಾತ್ರ ನೆನೆಯುತ್ತದೆಯೋ ಅಥವಾ ಸೇವೆ ಸಲ್ಲಿಸಿ ಮರಳಿದವರನ್ನೂ ನೆನೆಯುತ್ತದೆಯೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳದಿದ್ದರೆ, ಬದುಕಿರುವ ಅಜ್ಜನ ಭಾವಚಿತ್ರವನ್ನು ಹಾರ ಹಾಕಿದ ಚಿತ್ರಗಳ ಸಾಲಿನಲ್ಲಿ ಕಂಡ ಮನೆಯವರು ಶಾಲೆಗೆ ಫೋನ್ ಮಾಡುವ ಸಂದರ್ಭ ಬರುತ್ತದೆ. ಪ್ರಾಥಮಿಕ ಶಾಲೆಗೆ ಎರಡನೆಯ ಆಯ್ಕೆಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಮರಳಿ ಬಂದವರಿದ್ದರೆ ಮಕ್ಕಳಿಗೆ ಅವರನ್ನು ನೋಡಲು, ಮಾತನಾಡಿಸಲು ಸಾಧ್ಯ.

ಸೇವೆ ಎಂಬ ಮಾತಿನ ಹರಹನ್ನೂ ಹಿಗ್ಗಿಸಬೇಕು. ಒಂದನೆಯ ಮಹಾಯುದ್ಧದಲ್ಲಿ ಭಾರತದಿಂದ ಕಡಲಾಚೆಗೆ ಹೋದ 10 ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಂದೂಕು ಹಿಡಿದವರ ಜೊತೆಗೆ ಹೇಸರಗತ್ತೆಗಳನ್ನು ನಡೆಸಿದವರು, ಗಾಯಾಳುಗಳನ್ನು ಹೊತ್ತವರು, ಅಡುಗೆ ಮಾಡಿದವರು, ರಸ್ತೆ ಕಡಿದ ಕೂಲಿಕಾರರು ಇದ್ದರು. ದಾದಿಯರು, ಸರಕು ಹಡಗುಗಳ ನಾವಿಕರು, ತಂತಿ ಸಂದೇಶ ಕಳಿಸಿದವರು, ವಾಹನ ರಿಪೇರಿ ಮಾಡಿದವರು ಕೂಡ ಈ ಪುಟಕ್ಕೆ ಸೇರಿದವರೇ. ಇದನ್ನು ಮುಂಚೆಯೇ ತಿಳಿಸಿದರೆ, “ನಮ್ಮ ಮುತ್ತಜ್ಜ ಬರೀ ಅಡುಗೆಯವರಾಗಿದ್ದರು” ಎಂದು ಹಿಂಜರಿಯುವ ಮನೆಗಳಿಂದಲೂ ಹೆಸರುಗಳು ಬರುತ್ತವೆ. ಮಕ್ಕಳಂತೂ ಪ್ರಾಣಿಗಳ ಬಗ್ಗೆ ಕೇಳದೆ ಬಿಡುವುದಿಲ್ಲ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನೂ ತಕ್ಕೋಲದ ಯುದ್ಧದ ಸಂಗತಿಯನ್ನೂ ಒಂದೇ ಕಲ್ಲಿನಲ್ಲಿ ಹೊತ್ತಿರುವ 10ನೆಯ ಶತಮಾನದ ಆತಕೂರಿನ ಶಾಸನವನ್ನು ಅಂಥ ಸಮಯದಲ್ಲಿ ತೋರಿಸಬಹುದು.

ಮನೆಗಳಿಗೆ ಹೋಗುವ ಮೊದಲ ಪತ್ರ

ಸ್ಮರಣೆಯ ದಿನಕ್ಕೆ ಕನಿಷ್ಠ ಆರು ವಾರ ಮೊದಲು ಪೋಷಕರಿಗೆ ಪತ್ರ ಹೋಗಬೇಕು. ಇದಕ್ಕಿಂತ ತಡವಾದರೆ ದೂರದ ಊರಿನಲ್ಲಿರುವ ಅತ್ತೆಯ ಪೆಟ್ಟಿಗೆಯಲ್ಲಿರುವ ಭಾವಚಿತ್ರ ಕೈಸೇರುವುದಿಲ್ಲ. ಪತ್ರದಲ್ಲಿ ಕೇಳಬೇಕಾದದ್ದು ಸ್ವಲ್ಪವೇ: ಮನೆತನದಲ್ಲಿ ಯಾರಾದರೂ ಯಾವುದೇ ಯುದ್ಧದಲ್ಲಿ, ಯಾವುದೇ ದೇಶದ ಪರವಾಗಿ, ಯಾವುದೇ ಕೆಲಸದಲ್ಲಿ ಸೇವೆ ಸಲ್ಲಿಸಿದ್ದರೆ ಅವರ ಪೂರ್ಣ ಹೆಸರು, ಮಗುವಿಗೆ ಅವರೊಡನೆ ಇರುವ ಸಂಬಂಧ, ತಿಳಿದಿದ್ದರೆ ಸೇವಾ ಸಂಖ್ಯೆ ಮತ್ತು ರೆಜಿಮೆಂಟ್, ಜೊತೆಗೆ ಒಂದು ಭಾವಚಿತ್ರ. ಕೆಳಗೆ ಎರಡು ಪ್ರತ್ಯೇಕ ಸಹಿಗಳಿಗೆ ಜಾಗ ಬಿಡಬೇಕು. ಒಂದು, ಹೆಸರನ್ನೂ ಚಿತ್ರವನ್ನೂ ಅಚ್ಚು ಹಾಕಲು ಒಪ್ಪಿಗೆ. ಇನ್ನೊಂದು, ಅದೇ ಪುಟವನ್ನು ಅಂತರ್ಜಾಲದಲ್ಲಿ ಹಾಕಲು ಒಪ್ಪಿಗೆ. ಎರಡನ್ನೂ ಒಂದೇ ಸಹಿಯಲ್ಲಿ ಸೇರಿಸುವುದು ತಪ್ಪು. ಶಾಲೆಯ ಗೋಡೆಗೆ ಒಪ್ಪುವ ಅನೇಕರು ಲೋಕಕ್ಕೆಲ್ಲ ತೆರೆದ ಜಾಗಕ್ಕೆ ಒಪ್ಪುವುದಿಲ್ಲ.

“ಯಾವುದೇ ದೇಶದ ಪರವಾಗಿ” ಎಂಬ ಮಾತನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಒಂದೇ ತರಗತಿಯಲ್ಲಿ ಒಂದೇ ಯುದ್ಧದ ಎರಡು ಬದಿಗಳಲ್ಲಿ ಕಾದಾಡಿದವರ ಮರಿಮಕ್ಕಳು ಅಕ್ಕಪಕ್ಕದಲ್ಲಿ ಕುಳಿತಿರಬಹುದು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬದ ಮಗುವಿಗೆ ಸಮವಸ್ತ್ರದ ಚಿತ್ರವೇ ಭಯ ಹುಟ್ಟಿಸಬಹುದು. ತಂದೆಯೋ ತಾಯಿಯೋ ಇದೇ ಹೊತ್ತಿನಲ್ಲಿ ಗಡಿಯಲ್ಲಿರುವ ಮಗುವಿಗೆ “ಮಡಿದವರು” ಎಂಬ ಪದ ಬೇರೆ ಬಗೆಯಲ್ಲಿ ಕೇಳಿಸುತ್ತದೆ. ಆದ್ದರಿಂದ, ಭಾಗವಹಿಸಲು ಇಷ್ಟವಿಲ್ಲದ ಕುಟುಂಬಗಳು ಕಾರಣ ಹೇಳದೆ ಹಿಂದೆ ಸರಿಯಬಹುದೆಂದೂ ಆ ಮಕ್ಕಳಿಗೆ ಅದೇ ವೇಳೆಯಲ್ಲಿ ಗ್ರಂಥಾಲಯದಲ್ಲಿ ಬೇರೆ ಕೆಲಸವಿರುತ್ತದೆಂದೂ ಪತ್ರದಲ್ಲಿ ಒಂದು ವಾಕ್ಯ ಇರಲಿ. ಅಂಥ ಮಕ್ಕಳು ಯಾರೆಂದು ತರಗತಿಯ ಶಿಕ್ಷಕರಿಗೆ ಮುಂಚೆಯೇ ತಿಳಿದಿರಬೇಕು, ಸಹಪಾಠಿಗಳಿಗೆ ತಿಳಿಯಬೇಕಾಗಿಲ್ಲ.

ಮನೆಯಿಂದ ಬರುವ ವಸ್ತುಗಳ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ಮೂಲ ಪತ್ರ, ಪದಕ, ಭಾವಚಿತ್ರಗಳನ್ನು ಮಗುವಿನ ಚೀಲದಲ್ಲಿ ಕಳಿಸಬೇಡಿ ಎಂದು ಸ್ಪಷ್ಟವಾಗಿ ಬರೆಯಬೇಕು. ಪೋಷಕರೇ ತಂದು, ಶಾಲೆಯಲ್ಲಿ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಸಿ, ಅದೇ ದಿನ ಹಿಂದಕ್ಕೆ ಒಯ್ಯುವುದು ಒಳ್ಳೆಯದು. ಭಾವಚಿತ್ರದ ಹಿಂಬದಿಯನ್ನೂ ತಪ್ಪದೆ ಚಿತ್ರಿಸಿಕೊಳ್ಳಬೇಕು, ಏಕೆಂದರೆ ಸ್ಟುಡಿಯೋದ ಮುದ್ರೆ, ಊರು, ತಾರೀಖು, ಪೆನ್ಸಿಲಿನಲ್ಲಿ ಬರೆದ ಒಂದು ಹೆಸರು ಇರುವುದು ಅಲ್ಲಿಯೇ. ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊಳಪು ಬರಿಸಿ ತರುವ ಉತ್ಸಾಹವನ್ನು ಮೊದಲೇ ತಡೆಯಬೇಕು. ಅನೇಕ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ಹುದ್ದೆ, ಹೆಸರು, ಪಡೆ ಇವೆಲ್ಲ ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತವೆ, ಉಜ್ಜಿದಷ್ಟೂ ಅವು ಸವೆಯುತ್ತವೆ. ಗುಂಡು, ತೋಪಿನ ಚಿಪ್ಪು, ಗ್ರೆನೇಡ್ ಮೊದಲಾದವನ್ನು ಯಾರೂ ಶಾಲೆಗೆ ತರಕೂಡದು. ನೆನಪಿಗೆಂದು ಮನೆಯಲ್ಲಿ ಇಟ್ಟುಕೊಂಡ ಹಳೆಯ ಮದ್ದುಗುಂಡು ಇನ್ನೂ ಸಿಡಿಯುವ ಸ್ಥಿತಿಯಲ್ಲಿರಬಹುದು, ಅಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಹೆಸರನ್ನು ಖಚಿತಪಡಿಸಿಕೊಳ್ಳುವುದು

ಸಂಚಿಕೆಯ ಅರ್ಧಕ್ಕಿಂತ ಹೆಚ್ಚಿನ ಶ್ರಮ ಇಲ್ಲಿ ಹೋಗುತ್ತದೆ, ಹೋಗಲೂಬೇಕು. ಒಂದೇ ಹೆಸರಿನ ಹತ್ತಾರು ಜನ ಒಂದೇ ಸೈನ್ಯದಲ್ಲಿ ಇರುವುದು ಸಾಮಾನ್ಯವಾದ್ದರಿಂದ, ಒಬ್ಬರನ್ನು ಮತ್ತೊಬ್ಬರಿಂದ ಬೇರ್ಪಡಿಸುವುದು ಸೇವಾ ಸಂಖ್ಯೆ, ಹುದ್ದೆ ಮತ್ತು ಪಡೆ ಎಂಬ ಮೂರು ಸಂಗತಿಗಳು. ಇವುಗಳಲ್ಲಿ ಸೇವಾ ಸಂಖ್ಯೆಯೇ ಮುಖ್ಯ. ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ಪದಕದ ಅಂಚು, ಮನೆಗೆ ಬರೆದ ಪತ್ರದ ವಿಳಾಸ, ಈ ಯಾವುದರಲ್ಲಾದರೂ ಅದು ಸಿಗುವ ಸಾಧ್ಯತೆಯಿದೆ. ಬ್ರಿಟಿಷ್ ಸಾಮ್ರಾಜ್ಯದ ಮತ್ತು ಕಾಮನ್‌ವೆಲ್ತ್‌ನ ಪಡೆಗಳಲ್ಲಿ ಎರಡು ಮಹಾಯುದ್ಧಗಳ ಕಾಲಕ್ಕೆ ಮಡಿದವರಾದರೆ, 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಆಯೋಗ ಲೆಕ್ಕಕ್ಕೆ ತೆಗೆದುಕೊಳ್ಳುವ ಅವಧಿ ಯುದ್ಧ ನಿಂತ ದಿನಕ್ಕೆ ಮುಗಿಯುವುದಿಲ್ಲ ಎಂಬುದು ನೆನಪಿರಲಿ: ಒಂದನೆಯ ಯುದ್ಧಕ್ಕೆ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1947ರ ಡಿಸೆಂಬರ್ 31ರವರೆಗೆ. ಗಾಯದಿಂದಲೋ ರೋಗದಿಂದಲೋ ಸೇವೆಯಲ್ಲಿರುವಾಗಲೇ 1919ರಲ್ಲಿ ತೀರಿಕೊಂಡವರ ಹೆಸರೂ ಅಲ್ಲಿ ಇರಬಹುದು. ಭಾರತದಲ್ಲಿ ಸ್ವಾತಂತ್ರ್ಯದ ನಂತರ ಮಡಿದವರ ಹೆಸರುಗಳನ್ನು ನವದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಕೆತ್ತಲಾಗಿದೆ.

ದಾಖಲೆಯಲ್ಲಿ ಹೆಸರು ಸಿಗಲಿಲ್ಲವೆಂದ ಮಾತ್ರಕ್ಕೆ ಮನೆಯವರು ಹೇಳಿದ್ದು ಸುಳ್ಳೆಂದು ತೀರ್ಮಾನಿಸಬಾರದು. ಬೇರೆ ಭಾಷೆಯ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳು ಎಷ್ಟೋ ರೂಪ ತಾಳಿರುತ್ತವೆ. ಊರಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾಗಿರುತ್ತವೆ. ಇದಕ್ಕಿಂತ ಗಂಭೀರವಾದ ಕೊರತೆಯೂ ಉಂಟು. ಹುದ್ದೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸಬೇಕೆಂಬ ತತ್ತ್ವದ ಮೇಲೆ ಕಟ್ಟಿದ ಅದೇ ಸಮಾಧಿ ಆಯೋಗ, 2021ರ ವರದಿಯೊಂದರಲ್ಲಿ, ಒಂದನೆಯ ಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಜನರನ್ನು, ಅದರಲ್ಲೂ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರನ್ನು, ಹೆಸರು ಹಿಡಿದು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಇದನ್ನು ಹಿರಿಯ ತರಗತಿಯ ಮಕ್ಕಳಿಗೆ ಹೇಳಬಹುದು, ಹೇಳಬೇಕು ಎಂದೇ ನನ್ನ ಭಾವನೆ. ಕಲ್ಲಿನ ಮೇಲೆ ಹೆಸರಿಲ್ಲದವರೂ ಇದ್ದರು ಎಂಬುದನ್ನು ಒಂಬತ್ತು ವರ್ಷದ ಮಗು ನಾವು ಎಣಿಸಿದ್ದಕ್ಕಿಂತ ಬೇಗ ಗ್ರಹಿಸುತ್ತದೆ, ಅನಂತರ “ಹಾಗಾದರೆ ನಮ್ಮ ಪಟ್ಟಿಯಲ್ಲಿ ಯಾರು ಬಿಟ್ಟುಹೋದರು?” ಎಂದು ತಾನೇ ಕೇಳುತ್ತದೆ.

ಮನೆಮಾತಿಗೂ ದಾಖಲೆಗೂ ತಾಳೆಯಾಗದಿದ್ದಾಗ ಸಂಪಾದಕರ ಜಾಣ್ಮೆ ಬೇಕಾಗುತ್ತದೆ. ಮುತ್ತಜ್ಜ ಒಬ್ಬರೇ ಕೋಟೆ ಹಿಡಿದರು ಎಂಬ ಕಥೆ ಮೂರು ತಲೆಮಾರು ದಾಟಿ ಬಂದಿರುತ್ತದೆ, ದಾಖಲೆ ಮಾತ್ರ ಅವರು ಸರಬರಾಜು ವಿಭಾಗದಲ್ಲಿದ್ದರು ಎನ್ನುತ್ತದೆ. ಕುಟುಂಬವನ್ನು ಅವಮಾನಿಸದೆ, ಓದುಗರಿಗೂ ತಪ್ಪು ಹೇಳದೆ ಇರುವ ದಾರಿಯೆಂದರೆ ದಾಖಲೆಯ ಸಂಗತಿಯನ್ನು ನೇರವಾಗಿ ಬರೆದು, ಕಥೆಯನ್ನು “ಮನೆಯಲ್ಲಿ ಹೇಳುತ್ತ ಬಂದಿರುವಂತೆ” ಎಂಬ ಮಾತಿನೊಡನೆ ಕೊಡುವುದು, ಮತ್ತು ಅಚ್ಚಿಗೆ ಹೋಗುವ ಮೊದಲು ಆ ಸಾಲುಗಳನ್ನು ಮನೆಯವರಿಗೆ ಓದಿ ಹೇಳುವುದು. ಭಾವಚಿತ್ರದ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಇಬ್ಬರು ಅಣ್ಣತಮ್ಮಂದಿರು ಒಂದೇ ಬಗೆಯ ಸಮವಸ್ತ್ರದಲ್ಲಿದ್ದ ಎರಡು ಚಿತ್ರಗಳಲ್ಲಿ ತಮ್ಮನ ಚಿತ್ರದ ಕೆಳಗೆ ಅಣ್ಣನ ಹೆಸರು ಅಚ್ಚಾಯಿತು. ಮಡಿದವರು ಅಣ್ಣ, ಪತ್ರಿಕೆ ತಲುಪಿದ್ದು ತಮ್ಮನ ಕೈಗೆ. ಅಂದಿನಿಂದ ಚಿತ್ರದ ಕಡತದ ಹೆಸರನ್ನೇ ವ್ಯಕ್ತಿಯ ಹೆಸರಾಗಿ ಬದಲಿಸದೆ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಹಿರಿಯರೊಡನೆ ಮಕ್ಕಳ ಮಾತು

ಸೇವೆ ಸಲ್ಲಿಸಿದವರೊಬ್ಬರು ಶಾಲೆಗೆ ಬರಲು ಒಪ್ಪಿದರೆ, ಆ ಮಾತುಕತೆಯೇ ಸಂಚಿಕೆಯ ಮುಖ್ಯ ಬರಹವಾಗುತ್ತದೆ. ಒಪ್ಪದಿದ್ದರೆ ಒತ್ತಾಯ ಸಲ್ಲದು. ಯುದ್ಧದ ವಿಷಯವನ್ನು ಮನೆಯವರೊಡನೆಯೂ ಎಂದೂ ಆಡದೆ ಬದುಕಿದವರು ಬಹಳ ಮಂದಿ. ಬರುವವರನ್ನು ಮೊದಲೇ ಭೇಟಿಯಾಗಿ ಮೂರು ಸಂಗತಿಗಳನ್ನು ಮಾತನಾಡಿಕೊಳ್ಳಬೇಕು: ಎಷ್ಟು ಹೊತ್ತು ಕುಳಿತುಕೊಳ್ಳಬಲ್ಲರು, ಯಾವ ವಿಷಯ ಬೇಡ, ಮಕ್ಕಳು ಅದನ್ನೇ ಕೇಳಿಬಿಟ್ಟರೆ ಯಾರು ಮಾತನ್ನು ಬೇರೆಡೆಗೆ ತಿರುಗಿಸಬೇಕು. ಇಪ್ಪತ್ತು ನಿಮಿಷ ಸಾಕು. ಸ್ವಾಗತಕ್ಕೆಂದು ಪಟಾಕಿ, ಡೋಲು, ಒಡೆಯುವ ಬಲೂನುಗಳು ಬೇಡವೇ ಬೇಡ, ಹಠಾತ್ ಸದ್ದು ಕೆಲವರಿಗೆ ಇಂದಿಗೂ ಸಹಿಸಲಾಗದ್ದು. ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಒಬ್ಬರಾದ ಮೇಲೆ ಒಬ್ಬರು ಸ್ವಾಗತ ಭಾಷಣ ಮಾಡುವುದೂ ಬೇಡ. ಆ ದಿನ ಅತಿಥಿಯ ಮಾತಿಗಿಂತ ಸಂಘಟಕರ ಮಾತು ಉದ್ದವಾಗುವುದು ನಮ್ಮ ಸಭೆಗಳ ಹಳೆಯ ರೋಗ.

ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ: “ನೀವು ಯಾರನ್ನಾದರೂ ಕೊಂದಿದ್ದೀರಾ?” ಕೇಳಬಾರದೆಂದು ಗದರಿಸಿದರೆ ಅದು ಇನ್ನಷ್ಟು ಜೋರಾಗಿ ಹೊರಬರುತ್ತದೆ. ಹಿಂದಿನ ದಿನವೇ ತರಗತಿಯಲ್ಲಿ ಆ ಪ್ರಶ್ನೆಯನ್ನು ಶಿಕ್ಷಕರೇ ಎತ್ತಿ, ಅದಕ್ಕೆ ಉತ್ತರ ಹೇಳುವುದು ಆ ವ್ಯಕ್ತಿಗೆ ಎಷ್ಟು ಕಷ್ಟವಾಗಬಹುದು ಎಂಬುದನ್ನು ಮಕ್ಕಳಿಂದಲೇ ಹೇಳಿಸಿದರೆ, ಬಹುಪಾಲು ಮಕ್ಕಳು ತಾವಾಗಿಯೇ ಅದನ್ನು ಪಕ್ಕಕ್ಕಿಡುತ್ತಾರೆ. ಅದರ ಬದಲು ಕೇಳಬಹುದಾದ ಪ್ರಶ್ನೆಗಳು ಸಣ್ಣವು, ಉತ್ತರಗಳು ದೊಡ್ಡವು. ಮನೆಯಿಂದ ಹೊರಟ ದಿನ ಚೀಲದಲ್ಲಿ ಏನಿತ್ತು? ಪತ್ರ ಬರಲು ಎಷ್ಟು ದಿನ ಹಿಡಿಯುತ್ತಿತ್ತು? ಚಳಿಯಲ್ಲಿ ಹೇಗೆ ಮಲಗುತ್ತಿದ್ದಿರಿ? ಜೊತೆಯವರಲ್ಲಿ ತುಂಬ ನಗಿಸುತ್ತಿದ್ದವರು ಯಾರು? ಮರಳಿ ಬಂದಾಗ ಮನೆಯಲ್ಲಿ ಏನು ಬದಲಾಗಿತ್ತು? ಬರೆದುಕೊಳ್ಳುವ ಕೆಲಸ ಇಬ್ಬರು ಮಕ್ಕಳಿಗೆ ಇರಲಿ. ಧ್ವನಿಮುದ್ರಣವನ್ನು ಅತಿಥಿ ಒಪ್ಪಿದರೆ ಮಾತ್ರ ಮಾಡಬೇಕು, ಅದರ ಒಂದು ಪ್ರತಿಯನ್ನು ಅವರ ಮನೆಗೂ ಕೊಡಬೇಕು.

ಕಣ್ಣೀರು ಬಂದರೆ ಗಾಬರಿಯಾಗಬೇಕಿಲ್ಲ. ನೀರು ಕೊಟ್ಟು, ಕೆಲ ಹೊತ್ತು ಸುಮ್ಮನಿದ್ದು, ಮುಂದುವರಿಯಬೇಕೇ ಎಂದು ಅವರನ್ನೇ ಕೇಳಬೇಕು. ಆ ಗಳಿಗೆಯ ಫೋಟೋ ತೆಗೆಯಬಾರದು.

ಬರವಣಿಗೆಯ ಮಾತು

ನಮ್ಮ ಭಾಷೆಯಲ್ಲಿ ವೀರರಸದ ಪದಗಳಿಗೆ ಬರವಿಲ್ಲ, ಆ ಸಿರಿಯೇ ಇಲ್ಲಿ ತೊಡಕು. “ಶತ್ರುಗಳನ್ನು ಹೊಸಕಿಹಾಕಿದ ಕೆಚ್ಚೆದೆಯ ಕಲಿ” ಎಂದು ಬರೆದ ವಾಕ್ಯವನ್ನು ಓದಿದ ಮಗುವಿಗೆ ಆ ವ್ಯಕ್ತಿಯ ಬಗ್ಗೆ ಒಂದು ಸಂಗತಿಯೂ ತಿಳಿಯುವುದಿಲ್ಲ. “ಅವರಿಗೆ ಆಗ ಹತ್ತೊಂಬತ್ತು ವರ್ಷ, ಟ್ರಕ್ ಓಡಿಸಲು ಕಲಿತು ಮೂರು ತಿಂಗಳಾಗಿತ್ತು” ಎಂದರೆ ಒಬ್ಬ ಮನುಷ್ಯ ಕಾಣುತ್ತಾನೆ. ಪದಗಳ ಖಚಿತತೆಯೂ ಮುಖ್ಯ. ಹುತಾತ್ಮ ಎಂಬುದು ಪ್ರಾಣ ಕೊಟ್ಟವರಿಗೆ ಹೇಳುವ ಮಾತು, ಸೇವೆ ಸಲ್ಲಿಸಿದ ಎಲ್ಲರಿಗೂ ಅದನ್ನು ಅಂಟಿಸುವುದು ಸರಿಯಲ್ಲ. ಮಡಿದವರು, ಗಾಯಗೊಂಡವರು, ಸೆರೆಸಿಕ್ಕವರು, ನಾಪತ್ತೆಯಾದವರು, ಮರಳಿದವರು, ಇವರೆಲ್ಲ ಬೇರೆ ಬೇರೆ, ಅದರಲ್ಲೂ ನಾಪತ್ತೆಯಾದವರ ಮನೆಗಳಲ್ಲಿ “ಮಡಿದರು” ಎಂಬ ಪದವನ್ನು ಎಂದೂ ಬಳಸದೆ ಇದ್ದಿರಬಹುದು. ಎದುರು ಬದಿಯವರನ್ನು ಬೈಯುವ ವಿಶೇಷಣಗಳನ್ನು ಪೂರ್ತಿ ತೆಗೆದುಹಾಕಿ, ದೇಶದ ಹೆಸರು ಅಥವಾ ಸೈನ್ಯದ ಹೆಸರನ್ನಷ್ಟೇ ಇಟ್ಟರೆ ವಾಕ್ಯಕ್ಕೆ ಏನೂ ಕಡಮೆಯಾಗುವುದಿಲ್ಲ.

ಮಕ್ಕಳೇ ಬರೆದ ಸಾಲುಗಳನ್ನು ಪ್ರಕಟಿಸುವಾಗ ಕಾಗುಣಿತವನ್ನು ತಿದ್ದಬಹುದು, ಯೋಚನೆಯನ್ನು ತಿದ್ದಬಾರದು. “ನನ್ನ ಮುತ್ತಜ್ಜಿ ದಾದಿಯಾಗಿದ್ದರು, ಅವರ ಬೂಟು ಯಾವಾಗಲೂ ಒದ್ದೆಯಾಗಿರುತ್ತಿತ್ತಂತೆ” ಎಂದು ಮಗು ಬರೆದರೆ, ಅದನ್ನು “ಕಷ್ಟಕರ ಪರಿಸ್ಥಿತಿಗಳಲ್ಲಿ ಸೇವೆ ಸಲ್ಲಿಸಿದರು” ಎಂದು ಬದಲಿಸುವ ಸಂಪಾದಕರು ಆ ಒದ್ದೆ ಬೂಟಿನ ಜೊತೆಗೆ ಮುತ್ತಜ್ಜಿಯನ್ನೂ ಪುಟದಿಂದ ಹೊರಹಾಕಿದಂತೆ. ಒಂದು ಮತ್ತು ಎರಡನೆಯ ತರಗತಿಗೆ ಒಂದು ವಸ್ತು, ಒಬ್ಬ ವ್ಯಕ್ತಿ ಸಾಕು. ಅದಕ್ಕಿಂತ ದೊಡ್ಡವರಿಗೆ ನಕ್ಷೆ, ಪತ್ರ, ತಾರೀಖುಗಳನ್ನು ಕೊಡಬಹುದು. ಆಟಿಕೆ ಬಂದೂಕು ಹಿಡಿದು ಕಾಳಗವನ್ನು ನಟಿಸುವುದನ್ನೂ ಸತ್ತಂತೆ ಬೀಳುವುದನ್ನೂ ಯಾವ ತರಗತಿಗೂ ಕೊಡಬಾರದು.

ಶಾಲಾ ಮಕ್ಕಳೇ ಸ್ಮಾರಕ ಕಟ್ಟಿಸಿದ ಉದಾಹರಣೆಯನ್ನು ಸೇರಿಸಬೇಕೆನಿಸಿದರೆ ಹಿರೋಷಿಮಾದ ಸಂಗತಿ ಇದೆ. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದ ಸದಾಕೊ ಸಸಾಕಿ ಮುಂದೆ ರಕ್ತದ ಕ್ಯಾನ್ಸರಿನಿಂದ 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಅವಳು ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದಳು. ಅವಳ ಸಹಪಾಠಿಗಳು ಆರಂಭಿಸಿದ ನಿಧಿಸಂಗ್ರಹಕ್ಕೆ ಜಪಾನಿನ ಬಹಳಷ್ಟು ಶಾಲೆಗಳು ಕೈಜೋಡಿಸಿ, 1958ರಲ್ಲಿ ಮಕ್ಕಳ ಶಾಂತಿ ಸ್ಮಾರಕ ಎದ್ದಿತು. ಅವಳು ಸೈನಿಕಳಲ್ಲ. ಆದರೆ ಯುದ್ಧದ ಲೆಕ್ಕದಲ್ಲಿ ಸೈನಿಕರಲ್ಲದವರೂ ಬರುತ್ತಾರೆ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಸಭೆಯನ್ನು ನಡೆಸುವುದು ಮತ್ತು ವರದಿ ಮಾಡುವುದು

ಸಭೆ ಚಿಕ್ಕದಾಗಿರಲಿ, ಅರ್ಧ ಗಂಟೆ ಮೀರದಿರಲಿ. ಮೌನವೇ ಅದರ ತಿರುಳು. 1919ರ ನವೆಂಬರ್ 11ರಂದು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಕರೆಕೊಟ್ಟ ಎರಡು ನಿಮಿಷಗಳ ಮೌನವನ್ನು ಇಂದಿಗೂ ಅನೇಕ ದೇಶಗಳು ಪಾಲಿಸುತ್ತವೆ. ಅದಕ್ಕೂ ಮೊದಲು 1918ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಪ್ರತಿದಿನ ಮಧ್ಯಾಹ್ನ ಇಂಥ ಮೌನ ರೂಢಿಯಲ್ಲಿತ್ತು. ಆರು ವರ್ಷದವರಿಗೆ ಎರಡು ನಿಮಿಷ ಬಹಳ ದೀರ್ಘ, ಒಂದು ನಿಮಿಷ ಸಾಕು, ಅದನ್ನೂ ಎರಡು ದಿನ ಮೊದಲು ತರಗತಿಯಲ್ಲಿ ಅಭ್ಯಾಸ ಮಾಡಿಸಬೇಕು. ಮೌನ ಯಾವ ಸದ್ದಿನಿಂದ ಆರಂಭ, ಯಾವುದರಿಂದ ಮುಕ್ತಾಯ ಎಂಬುದು ಎಲ್ಲರಿಗೂ ತಿಳಿದಿರಲಿ. ಶಾಲೆಯ ಗಂಟೆಯ ಒಂದೊಂದು ಹೊಡೆತ ಸಾಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ತಾನಾಗಿ ಮೊಳಗುವ ವಿದ್ಯುತ್ ಗಂಟೆಯನ್ನು ನಿಲ್ಲಿಸಿಡಲು ಮರೆಯಬಾರದು.

ಹೆಸರುಗಳನ್ನು ಓದುವ ಮಕ್ಕಳಿಗೆ ಒಬ್ಬೊಬ್ಬರಿಗೆ ಮೂರಕ್ಕಿಂತ ಹೆಚ್ಚು ಹೆಸರು ಕೊಡಬಾರದು. ಬೇರೆ ಭಾಷೆಯ ಹೆಸರುಗಳ ಉಚ್ಚಾರಣೆಯನ್ನು ಆ ಮನೆಯವರ ಬಾಯಿಂದಲೇ ಕೇಳಿ, ಕೇಳಿದಂತೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು, ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ತಡೆಯುವಂತೆ ಹೇಳಬೇಕು. ಬೆಲ್ಜಿಯಂನ ಈಪ್ರ ಪಟ್ಟಣದಲ್ಲಿ, ನಾಪತ್ತೆಯಾದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಹೊತ್ತ ಮೆನಿನ್ ದ್ವಾರದ ಕೆಳಗೆ, 1928ರಿಂದ, ಎರಡನೆಯ ಯುದ್ಧದ ಆಕ್ರಮಣದ ವರ್ಷಗಳನ್ನು ಬಿಟ್ಟು, ಪ್ರತಿ ಸಂಜೆ ಎಂಟಕ್ಕೆ ಕಹಳೆ ಊದಲಾಗುತ್ತದೆ. ಆ ಗೋಡೆಗಳ ಮೇಲೆ ಭಾರತೀಯ ಸೈನಿಕರ ಹೆಸರುಗಳೂ ಇವೆ. ಧ್ವಜದ ವಿಷಯದಲ್ಲಿ ಆಯಾ ದೇಶದ ನಿಯಮವನ್ನು ಓದಿಯೇ ಮುಂದುವರಿಯಬೇಕು. ಭಾರತದಲ್ಲಿ ಶಾಲೆಯೊಂದು ತಾನೇ ನಿರ್ಧರಿಸಿ ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸುವಂತಿಲ್ಲ.

ಯುದ್ಧದಲ್ಲಿ ಮಡಿದವರ ನೆನಪಿಗೆ ಕೆಲವು ದೇಶಗಳಲ್ಲಿ ಧರಿಸುವ ಕೆಂಪು ಗಸಗಸೆ ಹೂವಿನ ಗುರುತನ್ನು ಬಳಸುವ ಶಾಲೆಗಳು ಅದರ ಕಾರಣವನ್ನೂ ಬರೆಯಬೇಕು. ಆ ಗಿಡದ ಬೀಜಗಳು ನೆಲದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಮಣ್ಣು ಕೆದಕಿದಾಗ ಮೊಳೆಯುತ್ತವೆ. ತೋಪುಗಳು ಉತ್ತುಹಾಕಿದ ಫ್ರಾನ್ಸ್ ಮತ್ತು ಬೆಲ್ಜಿಯಂಗಳ ಹೊಲಗಳಲ್ಲಿ ಅವು ಅಷ್ಟೊಂದು ಅರಳಿದ್ದು ಅದರಿಂದಲೇ.

ಪುಟವನ್ನು ಜೋಡಿಸುವುದು

ಮುಂಪುಟದ ಮೊದಲ ಪ್ಯಾರಾದಲ್ಲಿ ಸಭೆ ಎಂದು, ಎಷ್ಟು ಗಂಟೆಗೆ, ಎಲ್ಲಿ ನಡೆಯಿತು ಅಥವಾ ನಡೆಯಲಿದೆ, ಯಾರ ನೆನಪಿಗೆ, ಇಷ್ಟು ಬರಬೇಕು. ಮುಖ್ಯ ಅತಿಥಿಗಳ ಬಿರುದಾವಳಿ ಕೊನೆಗೆ ಹೋಗಲಿ. ಹೆಸರುಗಳ ಪಟ್ಟಿಯನ್ನು ಹುದ್ದೆಯ ಪ್ರಕಾರ ಜೋಡಿಸದೆ ಅಕಾರಾದಿಯಾಗಿ ಜೋಡಿಸಿ, ಎಲ್ಲರಿಗೂ ಒಂದೇ ಗಾತ್ರದ ಅಕ್ಷರ, ಒಂದೇ ಗಾತ್ರದ ಚಿತ್ರ ಇಡಬೇಕು. ಚಿತ್ರ ಸಿಗದವರ ಜಾಗದಲ್ಲಿ ಕಪ್ಪು ಆಕೃತಿ ಹಾಕದೆ ಖಾಲಿ ಚೌಕವನ್ನೇ ಬಿಡಬಹುದು. ಅದೇ ಪತ್ರದಲ್ಲಿ ಓಟದ ಫಲಿತಾಂಶವೂ ರಜೆಯ ಸೂಚನೆಯೂ ಇರುತ್ತವೆ, ಇರಲಿ, ಆದರೆ ಹಿಂಪುಟದಲ್ಲಿರಲಿ. ಜಾಹೀರಾತು ಮತ್ತು ಲಾಟರಿ ಚೀಟಿಯ ಪ್ರಕಟಣೆಯನ್ನು ಆ ವಾರ ತಡೆಹಿಡಿದರೆ ಯಾರಿಗೂ ನಷ್ಟವಿಲ್ಲ.

ಸುರಕ್ಷತೆಯ ದೃಷ್ಟಿಯಿಂದ ಎರಡು ವಿಷಯಗಳಲ್ಲಿ ವಿನಾಯಿತಿ ಇಲ್ಲ. ಮಕ್ಕಳ ಫೋಟೋದ ಪಕ್ಕದಲ್ಲಿ ಪೂರ್ಣ ಹೆಸರು ಹಾಕಬಾರದು. ಈಗ ಸೇವೆಯಲ್ಲಿರುವ ತಂದೆ ಅಥವಾ ತಾಯಿಯ ವಿಷಯ ಬಂದಾಗ ಅವರ ಪಡೆ, ನೇಮಕವಾಗಿರುವ ಸ್ಥಳ, ರಜೆಯ ದಿನಗಳು, ಎದೆಯ ಮೇಲಿನ ಹೆಸರಪಟ್ಟಿ ಕಾಣುವ ಚಿತ್ರ, ಇವುಗಳಲ್ಲಿ ಯಾವುದನ್ನೂ ಅಚ್ಚು ಹಾಕಬಾರದು. “ಅಪ್ಪ ಮುಂದಿನ ವಾರ ಬರುತ್ತಾರೆ” ಎಂಬ ಮಗುವಿನ ಮುದ್ದಾದ ಸಾಲೂ ಇದರಲ್ಲಿ ಸೇರುತ್ತದೆ.

ಕರಡು ತಿದ್ದಲು ಇಬ್ಬರು ಬೇಕು. ಒಬ್ಬರು ಮೂಲ ಕಾಗದವನ್ನು ಕೈಯಲ್ಲಿ ಹಿಡಿದು ಹೆಸರು, ಸಂಖ್ಯೆ, ತಾರೀಖುಗಳನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡನ್ನು ನೋಡುತ್ತ ಗುರುತು ಹಾಕಬೇಕು. ಪಟ್ಟಿಯನ್ನು ಕೊನೆಯ ಹೆಸರಿನಿಂದ ಮೊದಲಿಗೆ ಓದಿದರೆ ಕಣ್ಣು ಜಾರುವುದು ಕಡಮೆ. ಅನಂತರ ಪ್ರತಿ ಕುಟುಂಬಕ್ಕೂ ಅವರವರ ಸಾಲುಗಳನ್ನು ಕಳಿಸಿ ಎರಡು ದಿನ ಕಾಯಬೇಕು.

ಪ್ರಕಟವಾದ ನಂತರ

ಎಷ್ಟು ಎಚ್ಚರವಹಿಸಿದರೂ ಒಂದು ತಪ್ಪು ಉಳಿದಿರುತ್ತದೆ. ಅದನ್ನು ಮುಂದಿನ ಸಂಚಿಕೆಯ ಮೂಲೆಯಲ್ಲಿ ಬಚ್ಚಿಡದೆ, ಹೆಸರು ಬಂದಿದ್ದ ಪುಟದಲ್ಲೇ ಸರಿಯಾದ ರೂಪವನ್ನು ಪೂರ್ತಿಯಾಗಿ ಅಚ್ಚು ಹಾಕಿ, ಅಂತರ್ಜಾಲದ ಪ್ರತಿಯನ್ನೂ ತಿದ್ದಬೇಕು. ಅಚ್ಚಾದ ಸಂಚಿಕೆಯ ಎರಡು ಪ್ರತಿಗಳನ್ನು ಪ್ರತಿ ಕುಟುಂಬಕ್ಕೂ, ಒಂದನ್ನು ಶಾಲೆಯ ಗ್ರಂಥಾಲಯಕ್ಕೂ ಕೊಟ್ಟು, ಒಪ್ಪಿಗೆ ಪತ್ರಗಳು, ಚಿತ್ರಗಳ ಪ್ರತಿಗಳು, ಮಾತುಕತೆಯ ಬರಹ ಇವೆಲ್ಲವನ್ನೂ ವರ್ಷ ಬರೆದ ಒಂದೇ ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಹಾಳೆ ಇರಲಿ: ಈ ವರ್ಷ ಖಚಿತವಾಗದೆ ಉಳಿದ ಹೆಸರುಗಳು, ಎಲ್ಲಿಯವರೆಗೆ ಹುಡುಕಿದ್ದಾಯಿತು, ಯಾರ ಉತ್ತರ ಇನ್ನೂ ಬರಬೇಕಿದೆ. ಮುಂದಿನ ವರ್ಷ ಸಂಚಿಕೆಯ ಹೊಣೆ ಹೊರುವವರು ಪತ್ರ ಬರೆಯುವ ಮೊದಲು ಆ ಹಾಳೆಯನ್ನು ತೆರೆಯಲಿ.